ಓಕ್ ಮರದ ಮನೆಗೆ ಸಿಮೆಂಟ್ ಯಾಕೆ ಬೇಡ

ಇಂಗ್ಲೆಂಡಿನ ಕೆಂಟ್, ಸಸೆಕ್ಸ್ ಕಡೆ ಹಳೆಯ ರೈತರ ಮನೆಗಳ ದುರಸ್ತಿಗೆ ಹೋದಾಗ, ಮನೆಯವರು ಮೊದಲು ತೋರಿಸುವುದು ವಾಲಿದ ಕಂಬ, ಬಾಗಿದ ತೊಲೆ. "ಇದು ಬೀಳಲ್ವಾ?" ಅಂತ ಕೇಳುತ್ತಾರೆ. ನನ್ನ ಕಣ್ಣು ಮಾತ್ರ ಗೋಡೆಯ ಬುಡಕ್ಕೆ ಹೋಗುತ್ತದೆ. ಅಲ್ಲಿ ಸಿಮೆಂಟ್ ಮೆತ್ತಿದ್ದರೆ ನಿಜವಾದ ಚಿಂತೆ ಅಲ್ಲಿಂದ ಶುರು.

ಈ ಮನೆಗಳಲ್ಲಿ ಗೋಡೆ ಭಾರ ಹೊರುವುದಿಲ್ಲ. ಓಕ್ ಮರದ ಚೌಕಟ್ಟೇ ಮನೆ. ಕಲ್ಲು ಅಥವಾ ಇಟ್ಟಿಗೆಯ ಗಿಡ್ಡ ಕಟ್ಟೆಯ ಮೇಲೆ ಉದ್ದುದ್ದ ಮಲಗಿಸಿದ ಅಡಿತೊಲೆ, ಅದರ ಮೇಲೆ ಕಂಬ, ಅಡ್ಡತೊಲೆ, ಕೊನೆಗೆ ಹೆಂಚಿನ ಮಾಡು. ಮರಗಳ ನಡುವಿನ ಜಾಗಕ್ಕೆ ತಡಿಕೆ ಹೆಣೆದು, ಜೇಡಿಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿ, ಸುಣ್ಣ ಬಳಿಯುತ್ತಿದ್ದರು.

ಇದನ್ನು ಚೆನ್ನಾಗಿ ನೋಡಬೇಕೆಂದರೆ ಪಶ್ಚಿಮ ಸಸೆಕ್ಸ್‌ನ ಸಿಂಗಲ್ಟನ್‌ನಲ್ಲಿರುವ ವೀಲ್ಡ್ ಆಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂಗೆ ಹೋಗಿ. ಅಲ್ಲಿ ಬೇಲೀಫ್ ಎಂಬ ಮನೆ ಇದೆ. ಅದು ಮೊದಲು ಇದ್ದದ್ದು ಕೆಂಟ್‌ನ ಬೌ ಬೀಚ್‌ನಲ್ಲಿ. 1960ರ ದಶಕದ ಕೊನೆಯಲ್ಲಿ ಅಲ್ಲಿ ಜಲಾಶಯ ಕಟ್ಟುವಾಗ ಮನೆಯನ್ನು ಒಂದೊಂದೇ ಮರ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ನಡುವೆ ಮಾಡಿನವರೆಗೂ ತೆರೆದ ದೊಡ್ಡ ಹಜಾರ. ಎರಡೂ ತುದಿಯಲ್ಲಿ ಅಟ್ಟದ ಕೋಣೆಗಳು, ಕೆಳಗಿನ ಗೋಡೆಗಿಂತ ಮುಂದಕ್ಕೆ ಚಾಚಿಕೊಂಡಿವೆ. ಎಲ್ಲದಕ್ಕೂ ಒಂದೇ ಮಾಡು. ಹಾಗಾಗಿ ಹಜಾರ ಒಳಕ್ಕೆ ಸರಿದಂತೆ ಕಾಣುತ್ತದೆ, ಅದರ ಮುಂದಿನ ಸೂರನ್ನು ಬಾಗಿದ ಆಸರೆ ಮರಗಳು ಹೊರುತ್ತವೆ. ಮರದ ಬೆಳವಣಿಗೆಯ ಉಂಗುರಗಳ ಮಾದರಿಯನ್ನು ಹೋಲಿಸಿ ವಯಸ್ಸು ಕಂಡುಹಿಡಿದಿದ್ದಾರೆ. ಹಜಾರ ಮತ್ತು ಒಂದು ತುದಿ 1405ರಿಂದ 1430ರ ನಡುವಿನದು. ಇನ್ನೊಂದು ತುದಿ 1505ರಿಂದ 1510ರ ನಡುವಿನದು.

ಈಗ ವಾಲಿದ ಕಂಬಕ್ಕೆ ಬರೋಣ. ಆ ಕಾಲದ ಬಡಗಿಗಳು ಓಕನ್ನು ಒಣಗಿಸಿ ಬಳಸುತ್ತಿರಲಿಲ್ಲ. ಹಸಿ ಮರವನ್ನೇ ಕೆತ್ತುತ್ತಿದ್ದರು. ಒಣಗಿದ ಓಕ್ ಉಳಿಗೆ ಜಗ್ಗುವುದಿಲ್ಲ, ಹಸಿಯಾಗಿದ್ದಾಗ ಮೆತ್ತಗಿರುತ್ತದೆ. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದು ಮರದ ತೂತಿಗೆ ತೂರಿಸಿ, ಓಕಿನ ಗೂಟ ಹೊಡೆಯುತ್ತಿದ್ದರು. ಎರಡೂ ಮರಗಳಲ್ಲಿ ಗೂಟದ ತೂತನ್ನು ಬೇಕೆಂದೇ ಚೂರು ತಪ್ಪಿಸಿ ಕೊರೆಯುತ್ತಿದ್ದರು. ಗೂಟ ಒಳಗೆ ಹೋದಂತೆ ಎರಡನ್ನೂ ಎಳೆದು ಬಿಗಿ ಮಾಡುತ್ತದೆ. ಮೊಳೆ ಇಲ್ಲ, ಅಂಟು ಇಲ್ಲ. ನನಗಂತೂ ಇದಕ್ಕಿಂತ ಚೆಂದದ ಲೆಕ್ಕಾಚಾರ ಬೇರೆ ಕಂಡಿಲ್ಲ.

ಮೂಲೆ ಕಂಬಗಳ ತಲೆ ದಪ್ಪಗಿರುವುದನ್ನೂ ಗಮನಿಸಿ. ಮರವನ್ನು ತಲೆಕೆಳಗು ಮಾಡಿ, ಬುಡದ ದಪ್ಪ ಭಾಗ ಮೇಲೆ ಬರುವಂತೆ ನಿಲ್ಲಿಸಿದ್ದಾರೆ. ಅಲ್ಲಿ ಗೋಡೆಯ ಮೇಲಿನ ತೊಲೆ, ಅಡ್ಡತೊಲೆ ಎರಡೂ ಬಂದು ಕೂರಬೇಕು, ಅಷ್ಟು ಜಾಗ ಬೇಕಲ್ವಾ.

ಕಟ್ಟಿದ ಮೇಲೆ ಹಸಿ ಮರ ವರ್ಷಗಟ್ಟಲೆ ಒಣಗುತ್ತದೆ, ಕುಗ್ಗುತ್ತದೆ, ಸೀಳುತ್ತದೆ, ತಿರುಚುತ್ತದೆ. ಅದರ ಜೊತೆಗೇ ಕೀಲುಗಳೂ ಬಿಗಿಯುತ್ತವೆ. ಎಷ್ಟೋ ಮನೆಗಳ ಓರೆ ಆ ಮೊದಲ ದಿನಗಳದ್ದೇ. ಹಳೆಯ ಓರೆ ಸುಮ್ನೆ ಇದ್ದರೆ ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ. ಜ್ಯಾಕ್ ಕೊಟ್ಟು ಎತ್ತಿದರೆ ಕೀಲು ಮುರಿಯುತ್ತದೆ.

ಮರದಲ್ಲಿ ಖಾಲಿ ತೂತು ಕಂಡರೆ "ಹಳೆಯ ಹಡಗಿನ ಮರ" ಎಂದು ಹೇಳುವವರು ಜಾಸ್ತಿ. ಸಾಮಾನ್ಯವಾಗಿ ಅದು ಬೇರೆ ಕಟ್ಟಡದ ಮರ, ಇಲ್ಲವೇ ಅಲ್ಲೇ ಇದ್ದ ಗೋಡೆ ಕಿತ್ತ ಗುರುತು. ಮಾಡಿನೊಳಗಿನ ಮರ ಮಸಿ ಹಿಡಿದು ಕಪ್ಪಾಗಿದ್ದರೆ, ಹಿಂದೆ ಹಜಾರದ ನೆಲದಲ್ಲೇ ಬೆಂಕಿ ಉರಿಯುತ್ತಿತ್ತು, ಚಿಮಣಿ, ಅಟ್ಟ ಆಮೇಲೆ ಬಂದವು ಎಂದರ್ಥ. ದಯವಿಟ್ಟು ಆ ಮಸಿ ಉಜ್ಜಬೇಡಿ. ಮನೆಯ ಚರಿತ್ರೆಗೆ ಉಳಿದಿರುವ ಸಾಕ್ಷಿ ಅದು.

ಸಿಮೆಂಟಿನ ತೊಂದರೆ ಇಷ್ಟು. ಓಕ್ ಋತುಮಾನಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಮಣ್ಣು, ಸುಣ್ಣ ಅದಕ್ಕೆ ಹೊಂದಿಕೊಳ್ಳುತ್ತವೆ. ಸಿಮೆಂಟ್ ಹೊಂದಿಕೊಳ್ಳುವುದಿಲ್ಲ. ಮರದ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಮಳೆನೀರು ಒಳಗೆ ಹೋಗುತ್ತದೆ, ಹೊರಗೆ ಆರಲು ದಾರಿ ಇಲ್ಲ. ನೀರೆಲ್ಲ ಇಳಿದು ಅಡಿತೊಲೆಯಲ್ಲಿ ನಿಲ್ಲುತ್ತದೆ. ಮರ ಕೊಳೆಯುತ್ತದೆ. ಕೊಳೆತ ಓಕನ್ನು ಹುಡುಕಿಕೊಂಡು ಡೆತ್‌ವಾಚ್ ಎಂಬ ದುಂಬಿ ಬರುತ್ತದೆ. ಆರು ನೂರು ವರ್ಷ ಬಾಳಿದ ಮರ ಹೀಗೆ ಕೆಲವೇ ದಶಕಗಳಲ್ಲಿ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮರಕ್ಕೆ ಬಳಿಯುವ ಡಾಂಬರಿನಂಥ ಕಪ್ಪು ಬಣ್ಣದ ಕಥೆಯೂ ಇದೇ. ಮರ ಕಪ್ಪು, ಗೋಡೆ ಬಿಳಿ ಇರಬೇಕೆಂಬ ಗೀಳು ಹೆಚ್ಚಾಗಿ 19ನೇ ಶತಮಾನದ್ದು. ಅದಕ್ಕೂ ಮುಂಚೆ ಈ ಭಾಗದ ಓಕನ್ನು ಸಾಮಾನ್ಯವಾಗಿ ಹಾಗೇ ಬೂದು ಬಣ್ಣಕ್ಕೆ ತಿರುಗಲು ಬಿಡುತ್ತಿದ್ದರು, ಇಲ್ಲವೇ ಅದರ ಮೇಲೂ ಸುಣ್ಣ ಹೊಡೆಯುತ್ತಿದ್ದರು.

ದುರಸ್ತಿಯ ಕ್ರಮ ಸರಳ. ಸರಕಾರದ ಸಂರಕ್ಷಿತ ಪಟ್ಟಿಯಲ್ಲಿರುವ ಮನೆಯಾದರೆ ಮೊದಲು ಸ್ಥಳೀಯ ಆಡಳಿತದ ಅನುಮತಿ ತೆಗೆದುಕೊಳ್ಳಿ. ಒಪ್ಪಿಗೆಯಿಲ್ಲದೆ ಮನೆಯ ಸ್ವರೂಪ ಬದಲಿಸುವುದು ಅಲ್ಲಿ ಅಪರಾಧ. ಆಮೇಲೆ ಸಿಮೆಂಟನ್ನು ಮರಕ್ಕೆ ಪೆಟ್ಟಾಗದಂತೆ ಕೈಯಿಂದಲೇ ಕಿತ್ತು, ಮರ ನಿಧಾನವಾಗಿ ಆರಲು ಬಿಡಿ. ಕಟ್ಟೆಗೆ ಒತ್ತಿ ಬೆಳೆದ ಹೂಪಾತಿಯ ಮಣ್ಣು ತೆಗೆಯಿರಿ. ಕೊಳೆತಷ್ಟನ್ನೇ ಕತ್ತರಿಸಿ, ಹೊಸ ಓಕ್ ತುಂಡನ್ನು ಕೀಲು ಹಾಕಿ ಬೆಸೆಯಿರಿ. ಇಡೀ ಕಂಬ ಬದಲಿಸೋಣ ಅನ್ನುವ ಗುತ್ತಿಗೆದಾರರನ್ನು ಒಪ್ಪಬೇಡಿ. ಗೋಡೆಗೆ ಮತ್ತೆ ಸುಣ್ಣದ ಗಾರೆಯೇ ಆಗಬೇಕು. ಹಸಿ ಸುಣ್ಣಕ್ಕೆ ಹಿಮ ತಗಲಿದರೆ ಉದುರುತ್ತದೆ. ಆದ್ದರಿಂದ ಆ ಕೆಲಸವನ್ನು ವಸಂತದಲ್ಲಿ ಹಿಡಿದು, ಚಳಿಗಾಲಕ್ಕೆ ಸಾಕಷ್ಟು ಮುಂಚೆಯೇ ಮುಗಿಸಿ.