ಮೈಕ್‌ಸೆಟ್‌ನವನ ಕೈಯಲ್ಲಿ ಅಧ್ಯಕ್ಷ

ಗಣಪತಿ ಪೆಂಡಾಲಿನಲ್ಲಿ ಮೈಕು ಕುಂಯ್ಯೆಂದು ಕಿರುಚಿದಾಗ ಭಾಷಣಕಾರರ ಬಾಯಿಗೆ ಬಟ್ಟೆ ತುರುಕಿದವರನ್ನು ನಾನು ಕಂಡಿಲ್ಲ. ಎಲ್ಲರೂ ಮೈಕ್‌ಸೆಟ್‌ನವನ ಕಡೆ ತಿರುಗುತ್ತಾರೆ. ಅವನು ಓಡಿ ಬಂದು ಒಂದು ಗುಂಡಿಯನ್ನು ಕೊಂಚ ಹಿಂದಕ್ಕೆ ತಿರುಗಿಸುತ್ತಾನೆ. ಕಿರುಚಾಟ ನಿಲ್ಲುತ್ತದೆ, ಭಾಷಣ ಮುಂದುವರಿಯುತ್ತದೆ. ಅದು ಬೇರೆಯೇ ಕಷ್ಟ, ಇರಲಿ.

2021ರ ಜನವರಿ 8ರಂದು ಟ್ವಿಟರ್ ಕಂಪನಿ ಡೊನಾಲ್ಡ್ ಟ್ರಂಪ್ ಅವರ ಖಾತೆಯನ್ನು ಶಾಶ್ವತವಾಗಿ ಮುಚ್ಚಿತು. ಅಮೆರಿಕದ ಸಂಸತ್ ಭವನಕ್ಕೆ ಟ್ರಂಪ್ ಬೆಂಬಲಿಗರ ಗುಂಪು ನುಗ್ಗಿ ಎರಡು ದಿನವಾಗಿತ್ತು, ಅಧ್ಯಕ್ಷರ ಅವಧಿಯಲ್ಲಿ ಇನ್ನೂ ಹನ್ನೆರಡು ದಿನ ಉಳಿದಿತ್ತು. ಖಾತೆಯನ್ನು ಹಿಂಬಾಲಿಸುತ್ತಿದ್ದವರು ಸುಮಾರು 8.8 ಕೋಟಿ. ಅಲ್ಲಿಂದ ಇಲ್ಲಿಯವರೆಗೆ ಈ ವಿಷಯದಲ್ಲಿ ಮೂರು ಮಂತ್ರಗಳು ಕೇಳಿಬರುತ್ತಿವೆ. ಖಾಸಗಿ ಕಂಪನಿ, ಅದರ ಮನೆ, ಅದರ ಇಷ್ಟ ಎನ್ನುವುದು ಒಂದು. ಜನರು ಆರಿಸಿದವರ ಬಾಯಿ ಮುಚ್ಚಿಸಲು ಇವರು ಯಾರು ಎನ್ನುವುದು ಇನ್ನೊಂದು. ಬಾಯಿ ಮುಚ್ಚಿಸಿದಷ್ಟೂ ಬೆಳೆಯುತ್ತಾರೆ ಎನ್ನುವುದು ಮೂರನೆಯದು. ನನಗೆ ಸಿಟ್ಟು ಬರಿಸುವುದು ಈ ಮೂರನೆಯದೇ. ಅಳೆದು ನೋಡಬಹುದಾದ ಸಂಗತಿಯನ್ನು ಗಾದೆಯಂತೆ ಒಪ್ಪಿಸುತ್ತಾರಲ್ಲ!

ಅಳತೆಗೆ ಮೊದಲು ಮೈಕಿನ ಕಿರುಚಾಟಕ್ಕೆ ಮರಳೋಣ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಲ್ಲಿ ಇದನ್ನು ಲಾರ್ಸೆನ್ ಪರಿಣಾಮ ಎನ್ನುತ್ತಾರೆ. ಸ್ಪೀಕರಿನಿಂದ ಹೊರಟ ಸದ್ದು ಮೈಕಿಗೆ ಮರಳಿ, ಆಂಪ್ಲಿಫೈಯರಿನಲ್ಲಿ ಹಿಗ್ಗಿ, ಮತ್ತೆ ಸ್ಪೀಕರಿಗೆ ಬರುತ್ತದೆ. ಇಂಥ ಒಂದು ಸುತ್ತಿನಲ್ಲಿ ಸದ್ದು ಎಷ್ಟು ಪಟ್ಟಾಗುತ್ತದೆ ಎಂಬುದೇ ಇಡೀ ಗುಟ್ಟು. ಒಂದಕ್ಕಿಂತ ಕೊಂಚ ಕಡಿಮೆಯಾದರೆ ಸದ್ದು ತಾನಾಗಿ ಸಾಯುತ್ತದೆ, ಕೊಂಚ ಹೆಚ್ಚಾದರೆ ಕಿವಿ ಹರಿಯುತ್ತದೆ. ಸೊಸೈಟಿಯ ಚಕ್ರಬಡ್ಡಿಯೂ ಇದೇ ಲೆಕ್ಕ, ಸಾಂಕ್ರಾಮಿಕ ರೋಗವೂ ಇದೇ ಲೆಕ್ಕ, ಹಂಚಿಕೆಯಾಗುವ ಪೋಸ್ಟ್ ಕೂಡ ಇದೇ ಲೆಕ್ಕ. ಒಂದು ಸುಳ್ಳನ್ನು ಸಾವಿರ ಮಂದಿ ಹಂಚಿದರೆನ್ನಿ. ಪ್ರತಿ ಸುತ್ತಿನಲ್ಲೂ ಅದು 1.1 ಪಟ್ಟಾದರೆ ಐವತ್ತನೆಯ ಸುತ್ತಿನಲ್ಲಿ ಹಂಚುತ್ತಿರುವವರು ಸುಮಾರು 1,17,000 ಮಂದಿ. 0.9 ಪಟ್ಟಾದರೆ ಅದೇ ಐವತ್ತನೆಯ ಸುತ್ತಿನಲ್ಲಿ ಉಳಿಯುವವರು ಐದು ಮಂದಿ! ಗುಂಡಿ ತಿರುಗಿದ್ದು ಎಳ್ಳಷ್ಟು, ಫಲ ಬೆಟ್ಟದಷ್ಟು. ನಮ್ಮ ಮುಂದೆ ಯಾವ ಪೋಸ್ಟ್ ಬರಬೇಕೆಂದು ತೀರ್ಮಾನಿಸುವ ಅಲ್ಗಾರಿದಮ್‌ನ ಬಳಿ ಇರುವುದು ಈ ಗುಂಡಿ. ಜಾಲತಾಣವನ್ನು ಅರಳಿಕಟ್ಟೆಗೆ ಹೋಲಿಸುವವರು ಇಲ್ಲೇ ಎಡವುತ್ತಾರೆ. ಅರಳಿಕಟ್ಟೆಗೆ ಆಂಪ್ಲಿಫೈಯರ್ ಇರುವುದಿಲ್ಲ.

ಆದರೆ ಟ್ರಂಪ್ ಅವರಂಥವರ ಮುಂದೆ ನನ್ನ ಈ ಮುದ್ದಿನ ಲೆಕ್ಕ ಕೊಂಚ ತಡವರಿಸುತ್ತದೆ. 8.8 ಕೋಟಿ ಜನರಲ್ಲಿ ನೂರಕ್ಕೆ ಒಬ್ಬರು ಹಂಚಿದರೂ ಮೊದಲ ಸುತ್ತೇ 8.8 ಲಕ್ಷ. 0.9ರಂತೆ ಇಳಿಯುತ್ತಾ ಹೋದರೂ ಒಟ್ಟು ಹಂಚಿಕೆ ಅದರ ಹತ್ತು ಪಟ್ಟು, ಅಂದರೆ 88 ಲಕ್ಷ. ಕಿರುಚದೆಯೇ ಊರಿಗೆಲ್ಲ ಕೇಳುವ ಗಂಟಲು ಇದು. ಇಂಥ ಕೇಂದ್ರಬಿಂದುಗಳಿರುವ ಜಾಲಗಳ ಬಗ್ಗೆ ಆಲ್ಬರ್ಟ್, ಜಿಯಾಂಗ್, ಬರಾಬಾಸಿ ಎಂಬ ವಿಜ್ಞಾನಿಗಳು 2000ದಲ್ಲಿ ಒಂದು ಸೊಗಸಾದ ಸಂಗತಿ ತೋರಿಸಿದರು. ಯಾವುದೋ ನೂರು ಬಿಂದುಗಳನ್ನು ಕಣ್ಣುಮುಚ್ಚಿ ಕಿತ್ತರೆ ಜಾಲಕ್ಕೆ ಏನೂ ಆಗುವುದಿಲ್ಲ, ಆರಿಸಿ ಕೆಲವು ದೊಡ್ಡ ಕೇಂದ್ರಗಳನ್ನು ಕಿತ್ತರೆ ಅದು ಚೂರಾಗುತ್ತದೆ. ಖಾತೆ ಮುಚ್ಚುವ ಆಸೆ ಹುಟ್ಟುವುದು ಈ ಗಣಿತದಿಂದಲೇ.

1854ರಲ್ಲಿ ಲಂಡನ್ನಿನಲ್ಲಿ ರೋಗ ಹರಡುತ್ತಿದ್ದ ಬ್ರಾಡ್ ಸ್ಟ್ರೀಟ್ ನೀರಿನ ಪಂಪಿನ ಹಿಡಿಕೆ ಕೀಳಿಸಿ ಕಾಲರಾ ನಿಲ್ಲಿಸಿದ ವೈದ್ಯ ಜಾನ್ ಸ್ನೋ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಹಿಡಿಕೆ ಕಿತ್ತದ್ದು ಸೆಪ್ಟೆಂಬರ್ 8ರಂದು. ಅಷ್ಟರಲ್ಲಾಗಲೇ ಜನ ಊರುಬಿಟ್ಟಿದ್ದರು, ರೋಗ ಇಳಿಮುಖವಾಗಿತ್ತು ಎಂದು ಸ್ವತಃ ಸ್ನೋ ಬರೆದಿದ್ದಾರೆ. ಇದನ್ನು ಹೇಳುವವರು ಕಡಿಮೆ.

ಇನ್ನು ಅಳತೆ. ರೆಡ್ಡಿಟ್ ಎಂಬ ಚರ್ಚೆಯ ಜಾಲತಾಣ 2015ರಲ್ಲಿ ದ್ವೇಷ ಕಾರುತ್ತಿದ್ದ ಎರಡು ಗುಂಪುಗಳನ್ನು ಮುಚ್ಚಿತು. ಅವುಗಳ ಸದಸ್ಯರಲ್ಲಿ ಅಲ್ಲೇ ಉಳಿದವರ ದ್ವೇಷದ ಮಾತು ಶೇ. 80ಕ್ಕಿಂತ ಹೆಚ್ಚು ಇಳಿದದ್ದನ್ನು 2017ರ ಅಧ್ಯಯನ ದಾಖಲಿಸಿತು. 2021ರ ಜನವರಿಯಲ್ಲಿ ಟ್ವಿಟರ್ ತೆಗೆದದ್ದು ಟ್ರಂಪ್ ಖಾತೆಯನ್ನಷ್ಟೇ ಅಲ್ಲ, ಜೊತೆಗೆ ಸುಮಾರು 70,000 ಖಾತೆಗಳನ್ನು. ಆಮೇಲೆ ಅಲ್ಲಿ ಸುಳ್ಳುಸುದ್ದಿಯ ಹರಿವು ತಗ್ಗಿತೆಂದು, ಆ ಖಾತೆಗಳನ್ನು ಹಿಂಬಾಲಿಸುತ್ತಿದ್ದವರೂ ಕಡಿಮೆ ಹಂಚಿದರೆಂದು 2024ರಲ್ಲಿ ನೇಚರ್ ಪತ್ರಿಕೆಯ ಪ್ರಬಂಧ ಹೇಳಿತು. ಗಾದೆಗೆ ಇದು ಪೆಟ್ಟು. ಆದರೆ ಬೇಲಿಯಾಚೆಗೂ ಇಣುಕಬೇಕು. ಟ್ವಿಟರ್ ಹಂಚಲು ಬಿಡದಂತೆ ತಡೆದಿದ್ದ ಟ್ರಂಪ್ ಸಂದೇಶಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ರೆಡ್ಡಿಟ್‌ಗಳಲ್ಲಿ ಉಳಿದವುಗಳಿಗಿಂತ ಹೆಚ್ಚು ಓಡಾಡಿದ್ದನ್ನು ಇನ್ನೊಂದು ಅಧ್ಯಯನ ಕಂಡಿತು. ತಡೆದದ್ದಕ್ಕೇ ಓಡಿದವೋ, ಓಡುವಂಥವು ಎಂದೇ ತಡೆಯಲಾಯಿತೋ, ಇಲ್ಲಿಂದ ತೀರ್ಮಾನಿಸಲಾಗದು.

ಖಾತೆ ಮುಚ್ಚುವುದು ಕೆಲಸ ಮಾಡುತ್ತದೆ ಎಂದೇ ಒಪ್ಪೋಣ. ಅದಕ್ಕೇ ನನಗೆ ದಿಗಿಲು. ಕೆಲಸ ಮಾಡದ ಅಸ್ತ್ರ ಯಾರ ಕೈಯಲ್ಲಿದ್ದರೇನು? ಟ್ರಂಪ್ ಅವರನ್ನು ಕಂಡರಾಗದ ಜರ್ಮನಿಯ ಅಂದಿನ ಚಾನ್ಸಲರ್ ಏಂಜೆಲಾ ಮರ್ಕೆಲ್ ಕೂಡ ಆ ನಿಷೇಧ ಸರಿಯಲ್ಲವೆಂದು ತಮ್ಮ ವಕ್ತಾರರ ಮೂಲಕ ಹೇಳಿಸಿದರು: ಇಂಥ ಮಿತಿ ಹಾಕಬೇಕಾದದ್ದು ಕಾನೂನು, ಕಂಪನಿಯ ಆಡಳಿತವಲ್ಲ. ಹಾಗಾದರೆ ಗುಂಡಿಯನ್ನು ಸರಕಾರಕ್ಕೇ ಕೊಡೋಣವೆ? ನೈಜೀರಿಯಾದ ಅಂದಿನ ಅಧ್ಯಕ್ಷ ಬುಹಾರಿ ಅವರ ಒಂದು ಟ್ವೀಟನ್ನು ಕಂಪನಿ ತೆಗೆದದ್ದಕ್ಕೆ 2021ರ ಜೂನ್‌ನಿಂದ ಏಳು ತಿಂಗಳು ಅಲ್ಲಿನ ಸರಕಾರ ಇಡೀ ದೇಶಕ್ಕೆ ಟ್ವಿಟರ್ ಸಿಗದಂತೆ ಮಾಡಿತು. ಕೇಂದ್ರ ಸರಕಾರದ ತಡೆ ಆದೇಶಗಳನ್ನು ಪ್ರಶ್ನಿಸಿ ಅದೇ ಕಂಪನಿ ಬೆಂಗಳೂರಿನಲ್ಲಿ ನಮ್ಮ ಹೈಕೋರ್ಟಿನ ಮೆಟ್ಟಿಲೇರಿ, 2023ರ ಜೂನ್‌ನಲ್ಲಿ ಸೋತು 50 ಲಕ್ಷ ರೂಪಾಯಿ ದಂಡ ಹಾಕಿಸಿಕೊಂಡಿತು.

ನನ್ನ ಮಟ್ಟಿಗೆ, ಗೆದ್ದು ಬಂದವರಿಗೆ ವಿನಾಯಿತಿಯೂ ಬೇಡ, ಗಡೀಪಾರೂ ಬೇಡ. ಫೇಸ್‌ಬುಕ್ 2020ರಲ್ಲಿ 58 ಲಕ್ಷ ಗಣ್ಯ ಖಾತೆಗಳಿಗೆ ಬೇರೆಯೇ ದಾರಿ ಇಟ್ಟಿತ್ತು. ನೀವು ಬರೆದರೆ ಕೂಡಲೇ ಅಳಿಸುವ ಮಾತು ಅವರು ಬರೆದರೆ ಮರುಪರಿಶೀಲನೆಗೆ ಕಾದು ಕೂರುತ್ತಿತ್ತು. ಅದನ್ನು ಮೊದಲು ಕಿತ್ತುಹಾಕಬೇಕು. ಹಿಂಸೆಗೆ ಪ್ರಚೋದಿಸಿದರೆ ಗುಂಡಿ ತಿರುಗಿಸಲಿ, ಶಿಫಾರಸು ನಿಲ್ಲಿಸಲಿ, ಹಂಚಿಕೆ ತಡೆಯಲಿ, ಮೊದಲೇ ಬರೆದಿಟ್ಟ ನಿಯಮದಂತೆ ಇಂತಿಷ್ಟು ದಿನ ಹೊಸದಾಗಿ ಬರೆಯದಂತೆಯೂ ಮಾಡಲಿ. ಫೇಸ್‌ಬುಕ್‌ನದೇ ಮೇಲ್ವಿಚಾರಣಾ ಮಂಡಳಿ 2021ರ ಮೇ ತಿಂಗಳಲ್ಲಿ ಟ್ರಂಪ್ ಅವರಿಗೆ ಅಲ್ಲಿ ಹಾಕಿದ್ದ ಅವಧಿಯಿಲ್ಲದ ಶಿಕ್ಷೆಗೆ ಆಕ್ಷೇಪ ಎತ್ತಿದ ಮೇಲೆ ಕಂಪನಿ ಅದನ್ನು ಎರಡು ವರ್ಷಕ್ಕೆ ನಿಗದಿ ಮಾಡಿತು. ಹಳೆಯ ಮಾತುಗಳು ಮಾತ್ರ ಕಣ್ಣ ಮುಂದೆಯೇ ಇರಬೇಕು. ಖಾತೆ ಮುಚ್ಚಿದ ದಿನ ಅಧ್ಯಕ್ಷರ ಅಷ್ಟೂ ವರ್ಷಗಳ ಟ್ವೀಟುಗಳು ಮೂಲಸ್ಥಳದಿಂದ ಮಾಯವಾದವು. ಯಾರು ಏನೆಂದರೆಂದು ತೋರಿಸಲು ಓದುಗ ಬೇರೆ ಕಡೆ ಹುಡುಕಬೇಕಾಯಿತು.

‘ಶಾಶ್ವತ’ ನಿಷೇಧ ಎರಡು ವರ್ಷವೂ ಬಾಳಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಟ್ವಿಟರ್ ಅನ್ನು ಕೊಂಡ ಇಲಾನ್ ಮಸ್ಕ್ ಮುಂದಿನ ತಿಂಗಳೇ ಜನಮತ ಕೇಳಿದರು. ಶೇ. 51.8 ಮಂದಿ ಹೂಂ ಎಂದರು, ಖಾತೆ ತೆರೆಯಿತು. ಟ್ರಂಪ್ ಮಾತ್ರ ಒಂಬತ್ತು ತಿಂಗಳು ಅತ್ತ ಒಂದು ಟ್ವೀಟನ್ನೂ ಹಾಕಲಿಲ್ಲ. ಟ್ರೂತ್ ಸೋಷಿಯಲ್ ಎಂಬ ಸ್ವಂತ ಮೈಕ್‌ಸೆಟ್ಟನ್ನು ಅವರು ಅದೇ ವರ್ಷದ ಫೆಬ್ರವರಿಯಲ್ಲೇ ಹಚ್ಚಿಕೊಂಡಿದ್ದರು.