ಕಾರ್ಯಾಚರಣೆಯ ನಗದು ಹರಿವು: ಲಾಭ ಕೈಗೆ ಬಂದಿದೆಯೇ?

ಸರಕು ಮಾರಿ ಅಥವಾ ಸೇವೆ ಕೊಟ್ಟು ಕಂಪನಿ ವರ್ಷದಲ್ಲಿ ನಿಜಕ್ಕೂ ವಸೂಲು ಮಾಡಿದ ಹಣದಲ್ಲಿ ಕಚ್ಚಾವಸ್ತು, ಸಂಬಳ, ತೆರಿಗೆಗೆ ಕೊಟ್ಟದ್ದನ್ನು ಕಳೆದರೆ ಉಳಿಯುವುದೇ ಕಾರ್ಯಾಚರಣೆಯ ನಗದು ಹರಿವು. ಷೇರುಪೇಟೆಯವರ ಬಾಯಲ್ಲಿ ಇದು ಆಪರೇಟಿಂಗ್ ಕ್ಯಾಶ್ ಫ್ಲೋ, ಚುಟುಕಾಗಿ ಸಿಎಫ್‌ಒ. ಬ್ಯಾಂಕಿನಿಂದ ತಂದ ಸಾಲ, ಹೊಸ ಷೇರು ಕೊಟ್ಟು ಎತ್ತಿದ ಬಂಡವಾಳ, ಜಮೀನು ಮಾರಿದ ದುಡ್ಡು ಇದರಲ್ಲಿ ಸೇರುವುದಿಲ್ಲ. ಅವಕ್ಕೆ ಕಂಪನಿಯ ನಗದು ಹರಿವಿನ ಪಟ್ಟಿಯಲ್ಲಿ (ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್) ಹೂಡಿಕೆ ಮತ್ತು ಹಣಕಾಸು ಎಂಬ ಬೇರೆ ಎರಡು ವಿಭಾಗಗಳಿವೆ.

ಲಾಭಕ್ಕೂ ಇದಕ್ಕೂ ಅಂತರ ಹುಟ್ಟುವುದು ಮುಖ್ಯವಾಗಿ ಉದ್ರಿ ವ್ಯಾಪಾರದಿಂದ. ಮಾರ್ಚ್ 30ರಂದು ಮಾಲು ತಲುಪಿಸಿ ಬಿಲ್ ಕೊಟ್ಟರೆ, ಹಣ ಆಗಸ್ಟ್‌ನಲ್ಲಿ ಬಂದರೂ ಆ ಮಾರಾಟ ಈ ವರ್ಷದ ಲಾಭಕ್ಕೇ ಜಮೆ. ಆಗಸ್ಟ್‌ನಲ್ಲೂ ಬರದಿದ್ದರೆ ಆ ಲಾಭ ಪುಸ್ತಕದ ಬದನೆಕಾಯಿ.

ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು ಈ ಲೆಕ್ಕವನ್ನು ಲಾಭದಿಂದ ಆರಂಭಿಸಿ ತೋರಿಸುತ್ತವೆ. ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳಿ. ತೆರಿಗೆಗೆ ಮುಂಚಿನ ಲಾಭ 12 ಕೋಟಿ ರೂಪಾಯಿ. ಯಂತ್ರ, ಕಟ್ಟಡ ಸವೆದದ್ದಕ್ಕೆ ಬರೆದ ಸವಕಳಿ 3 ಕೋಟಿ ಬರೀ ಲೆಕ್ಕದ ಖರ್ಚು, ಹಣ ಹೊರಹೋಗಿಲ್ಲ, ಮರಳಿ ಕೂಡಿಸಿ. ಸಾಲದ ಬಡ್ಡಿ 2 ಕೋಟಿ ಹಣಕಾಸು ವಿಭಾಗಕ್ಕೆ ಹೋಗುವುದರಿಂದ ಅದನ್ನೂ ಕೂಡಿಸಿ. ಠೇವಣಿಯಿಂದ ಬಂದ ಬಡ್ಡಿ 1 ಕೋಟಿ ಹೂಡಿಕೆಯದು, ಕಳೆಯಿರಿ. 16 ಕೋಟಿ ಆಯಿತು. ಈಗ ಗಿರಾಕಿಗಳಿಂದ ಬರಬೇಕಾದ ಬಾಕಿ 9 ಕೋಟಿ ಹೆಚ್ಚಿದೆ, ದಾಸ್ತಾನು 5 ಕೋಟಿ ಹೆಚ್ಚಿದೆ, ಪೂರೈಕೆದಾರರಿಗೆ ಕೊಡಬೇಕಾದದ್ದು 2 ಕೋಟಿ ಹೆಚ್ಚಿದೆ. ಅಂದರೆ 9 ಮತ್ತು 5 ಸೇರಿಸಿ, ಇನ್ನೂ ಕೈಬಿಡದ 2 ಕಳೆದರೆ, ನಿವ್ವಳ 12 ಕೋಟಿ ವ್ಯವಹಾರದೊಳಗೇ ಸಿಕ್ಕಿಕೊಂಡಿತು. ಉಳಿದ 4 ಕೋಟಿಯಲ್ಲಿ 3 ಕೋಟಿ ತೆರಿಗೆ ಕಟ್ಟಿದರೆ ಸಿಎಫ್‌ಒ 1 ಕೋಟಿ. ಪತ್ರಿಕೆಯಲ್ಲಿ ಮಾತ್ರ ನಿವ್ವಳ ಲಾಭ 9 ಕೋಟಿ ಎಂದೇ ಬರುತ್ತದೆ.

ಒಂದೇ ವರ್ಷ ಹೀಗಾದರೆ ಗಾಬರಿ ಬೇಡ; ವೇಗವಾಗಿ ಬೆಳೆಯುವ ಕಂಪನಿಗೆ ಉದ್ರಿಯೂ ದಾಸ್ತಾನೂ ಬೆಳೆಯುವುದು ಸಹಜ. ಕನಿಷ್ಠ 5 ವರ್ಷಗಳ ಸಿಎಫ್‌ಒ ಒಟ್ಟು ಮಾಡಿ, ಅಷ್ಟೇ ವರ್ಷಗಳ ನಿವ್ವಳ ಲಾಭದ ಮೊತ್ತದಿಂದ ಭಾಗಿಸಿ. ಹತ್ತು ವರ್ಷದ್ದಾದರೆ ಇನ್ನೂ ಒಳ್ಳೆಯದು. 0.8ಕ್ಕಿಂತ ಕೆಳಗಿದ್ದರೆ ಕಾರಣ ಹುಡುಕಲೇಬೇಕು. ಸಿಮೆಂಟ್, ಉಕ್ಕಿನಂಥ ಭಾರಿ ಯಂತ್ರಗಳ ಉದ್ಯಮದಲ್ಲಿ 1 ಇದ್ದರೂ ಸಾಲದು. ಅಲ್ಲಿ ಸವಕಳಿಯೂ ಬಡ್ಡಿಯೂ ಮರಳಿ ಸೇರುವುದರಿಂದ ಸಿಎಫ್‌ಒ ಲಾಭವನ್ನು ಎಷ್ಟೋ ಮೀರಿರಬೇಕು. ‘ಒಂದಕ್ಕಿಂತ ಹೆಚ್ಚಿದ್ದರೆ ಒಳ್ಳೆಯ ಕಂಪನಿ’ ಎಂದು ಎಲ್ಲರಿಗೂ ಒಂದೇ ಸೂತ್ರ ಹೇಳುವವರು ಈ ಭಾಗವನ್ನು ಮರೆಯುತ್ತಾರೆ.

ಕಾರಣ ಹುಡುಕಲು ಮೊದಲು ಬಾಕಿಯ ದಿನಗಳನ್ನು ಲೆಕ್ಕ ಹಾಕಿ: ಬರಬೇಕಾದ ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. ನಮ್ಮ ಕಂಪನಿಯ ಮಾರಾಟ 100ರಿಂದ 120 ಕೋಟಿಗೆ, ಬಾಕಿ 20ರಿಂದ 29 ಕೋಟಿಗೆ ಏರಿದೆ ಎನ್ನೋಣ. 73 ದಿನವಿದ್ದದ್ದು 88 ಆಯಿತು. ಮಾರಾಟ ಏರಿದ್ದರಲ್ಲಿ ಒಂದು ಪಾಲು ಸಡಿಲ ಉದ್ರಿಯ ಫಲ ಎಂಬ ಗುಮಾನಿಗೆ ಇದು ಸಾಕು. ಮುಂದಿನದು ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿದೆ. ಕಂಪನಿ ಕಾಯ್ದೆಯ ಮೂರನೇ ಅನುಸೂಚಿಗೆ 2021ರಲ್ಲಿ ಆದ ತಿದ್ದುಪಡಿಯಿಂದಾಗಿ ಬಾಕಿಯ ‘ವಯಸ್ಸು’ ತೋರಿಸುವುದು ಕಡ್ಡಾಯ: 6 ತಿಂಗಳೊಳಗಿನದು, 6 ತಿಂಗಳಿಂದ 1 ವರ್ಷ, 1–2 ವರ್ಷ, 2–3 ವರ್ಷ, 3 ವರ್ಷ ಮೀರಿದ್ದು. ವಿವಾದದಲ್ಲಿರುವುದು ಬೇರೆ ಸಾಲಿನಲ್ಲಿ. ವರ್ಷ ದಾಟಿದ ಬಾಕಿ ಹಿಗ್ಗುತ್ತಿದ್ದು, ಅದಕ್ಕೆ ತೆಗೆದಿಟ್ಟ ನಷ್ಟದ ಮೊತ್ತ ಹಾಗೇ ಇದ್ದರೆ ಮುಂದೊಂದು ದಿನ ಲಾಭಕ್ಕೆ ಪೆಟ್ಟು ಬೀಳಲಿದೆ.

ಸಿಎಫ್‌ಒವನ್ನೂ ಉಬ್ಬಿಸಬಹುದು. ಮಾರ್ಚ್ ಕೊನೆಯಲ್ಲಿ ಪೂರೈಕೆದಾರರ ಪಾವತಿ ತಡೆಹಿಡಿಯುವುದು ಹಳೆಯ ವರಸೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳಿದ್ದರೂ ಬಾಕಿ ಉಳಿಸಿಕೊಳ್ಳುವವರಿದ್ದಾರೆ. ಬಿಲ್‌ಗಳನ್ನು ಬ್ಯಾಂಕಿಗೆ ಮಾರಿ ಮುಂಚೆಯೇ ಹಣ ಎತ್ತುವುದು ಇನ್ನೊಂದು. ಮೂರನೆಯದು ಸಂಶೋಧನೆ, ಸಾಫ್ಟ್‌ವೇರ್ ಅಭಿವೃದ್ಧಿಯ ಖರ್ಚನ್ನು ಆಸ್ತಿ ಎಂದು ಬರೆದುಕೊಳ್ಳುವುದು: ಖರ್ಚು ಹೂಡಿಕೆ ವಿಭಾಗಕ್ಕೆ ಜಾರುತ್ತದೆ, ಸಿಎಫ್‌ಒ ಚೆಂದ ಕಾಣುತ್ತದೆ. ಸಿಎಫ್‌ಒದಲ್ಲಿ ಯಂತ್ರ, ಕಟ್ಟಡ, ಇಂಥ ಅಮೂರ್ತ ಆಸ್ತಿಗಳಿಗೆ ಹಾಕಿದ್ದನ್ನೂ ಕಳೆದು ಫ್ರೀ ಕ್ಯಾಶ್ ಫ್ಲೋ ನೋಡಿದರೆ ಈ ಮೂರನೆಯದು ಬಯಲಾಗುತ್ತದೆ.

ವಂಚನೆಯೇ ಇಲ್ಲದೆ ಅಂಕಿ ಜಿಗಿದದ್ದೂ ಉಂಟು. 2019ರ ಏಪ್ರಿಲ್ 1ರಿಂದ ಬಾಡಿಗೆ ಅಂದರೆ ಲೀಸ್ ಕುರಿತ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 116 ಜಾರಿಯಾದ ಮೇಲೆ ಅಂಗಡಿ, ವಿಮಾನಗಳ ದೀರ್ಘಾವಧಿ ಬಾಡಿಗೆಯ ಬಹುಪಾಲು ಹಣಕಾಸು ವಿಭಾಗಕ್ಕೆ ಹೋಯಿತು. ಚಿಲ್ಲರೆ ಮಳಿಗೆ, ವಿಮಾನಯಾನ ಕಂಪನಿಗಳ ಸಿಎಫ್‌ಒದಿಂದ ಲೀಸ್ ಪಾವತಿಯನ್ನು, ಅಸಲು ಬಡ್ಡಿ ಎರಡನ್ನೂ, ಕಳೆದೇ ಹಳೆಯ ವರ್ಷಗಳೊಂದಿಗೆ ಹೋಲಿಸಬೇಕು. ಬ್ಯಾಂಕ್‌ಗಳಿಗೆ, ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ (ಎನ್‌ಬಿಎಫ್‌ಸಿ) ಈ ಪರೀಕ್ಷೆ ಹೊಂದುವುದೇ ಇಲ್ಲ: ಸಾಲ ಕೊಡುವುದೇ ಅವುಗಳ ಕಸುಬು, ಎನ್‌ಬಿಎಫ್‌ಸಿಗಳಲ್ಲಂತೂ ಬೆಳೆದಷ್ಟೂ ಸಿಎಫ್‌ಒ ಋಣಾತ್ಮಕವಾಗುವುದು ಸಾಮಾನ್ಯ.

ಇನ್ನು, ಬ್ಯಾಂಕ್ ಖಾತೆಯ ಶಿಲ್ಕೇ ಸುಳ್ಳಾದರೆ? ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನಲ್ಲಿ ಆದದ್ದು ಅದೇ. 2009ರ ಜನವರಿ 7ರ ಪತ್ರದಲ್ಲಿ ಅಧ್ಯಕ್ಷ ರಾಮಲಿಂಗ ರಾಜು ಒಪ್ಪಿಕೊಂಡಂತೆ, 2008ರ ಸೆಪ್ಟೆಂಬರ್ 30ಕ್ಕೆ ತೋರಿಸಿದ್ದ 5,361 ಕೋಟಿ ರೂಪಾಯಿ ನಗದಿನಲ್ಲಿ 5,040 ಕೋಟಿ ಇರಲೇ ಇಲ್ಲ; ಬರಬೇಕಾದ ಬಡ್ಡಿ ಎಂದು ಬರೆದ 376 ಕೋಟಿಯೂ ಇರಲಿಲ್ಲ. ನಗದು ಹರಿವಿನ ಪಟ್ಟಿಯೊಂದನ್ನೇ ನಂಬಿದವರಿಗೆ ಅಲ್ಲಿ ಸುಳಿವು ಸಿಗುವುದು ಕಷ್ಟವಿತ್ತು. ಹಾಗಾಗಿ ಸಿಎಫ್‌ಒ ಚೆನ್ನಾಗಿದ್ದಾಗ ಆ ಹಣ ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸಿ. ಲಾಭಾಂಶ, ಸಾಲ ತೀರಿಕೆ, ಕಣ್ಣಿಗೆ ಕಾಣುವ ಕಾರ್ಖಾನೆ ಇವು ಸುಳ್ಳಾಗುವುದು ಅಪರೂಪ. ಕೈತುಂಬ ನಗದಿದ್ದೂ ದುಬಾರಿ ಬಡ್ಡಿಗೆ ಸಾಲ ತೆಗೆಯುತ್ತಿದ್ದರೆ, ನಗದಿನ ಮೇಲೆ ಬಂದ ಬಡ್ಡಿ ಶೇ 2–3ರಷ್ಟೂ ಇಲ್ಲದಿದ್ದರೆ, ಪ್ರವರ್ತಕರ ಖಾಸಗಿ ಸಂಸ್ಥೆಗಳಿಗೆ ಮುಂಗಡ ಹೋಗುತ್ತಿದ್ದರೆ ಷೇರು ಕೊಳ್ಳದಿರುವುದೇ ಲೇಸು.

ನಗದು ಹರಿವಿನ ಪಟ್ಟಿ ವರ್ಷಕ್ಕೆ ಎರಡು ಸಲ, ಸೆಪ್ಟೆಂಬರ್ ಮತ್ತು ಮಾರ್ಚ್ ಫಲಿತಾಂಶದ ಜೊತೆ, ಬಿಎಸ್‌ಇ ಮತ್ತು ಎನ್‌ಎಸ್‌ಇ ಜಾಲತಾಣಗಳಲ್ಲಿ ಸಿಗುತ್ತದೆ. ಅಂಗಸಂಸ್ಥೆಗಳನ್ನೂ ಸೇರಿಸಿದ ಕ್ರೋಡೀಕೃತ ಲೆಕ್ಕವನ್ನೇ ನೋಡಿ. ಅರ್ಧವಾರ್ಷಿಕ ಅಂಕಿಯಲ್ಲಿ ಹಂಗಾಮಿನ ಆಟವಿರುತ್ತದೆ: ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆದ ಮೇಲೆ ಮಾರ್ಚ್ ಹೊತ್ತಿಗೆ ಗೋದಾಮು ತುಂಬಿರುತ್ತದೆ, ಸೆಪ್ಟೆಂಬರ್ ವೇಳೆಗೆ ಕರಗಿ ನಗದಾಗುತ್ತದೆ. ಸೆಪ್ಟೆಂಬರನ್ನು ಹಿಂದಿನ ವರ್ಷದ ಸೆಪ್ಟೆಂಬರಿನೊಂದಿಗೇ ಹೋಲಿಸಬೇಕು.