ಹುಲಿ ಸಾಯಲೇಬೇಕಾ?

ಹಳೆಯ ಕಥೆಗಳನ್ನು ಮಕ್ಕಳಿಗಾಗಿ ಮತ್ತೆ ಬರೆದುಕೊಡುವುದು ನನ್ನ ಕೆಲಸ. ಅಪ್ಪ ಅಮ್ಮಂದಿರು ನನ್ನನ್ನು ತುಂಬ ಸಲ ಕೇಳುವ ಪ್ರಶ್ನೆ ಒಂದಿದೆ. ಪುಣ್ಯಕೋಟಿ ಕಥೆಯಲ್ಲಿ ಕೊನೆಗೆ ಹುಲಿ ಸಾಯಲೇಬೇಕಾ?

ಒಮ್ಮೆ ನಾನೂ ಅದನ್ನು ಸಾಯಿಸಲಿಲ್ಲ. ಚಿಕ್ಕ ಮಕ್ಕಳ ಪುಸ್ತಕ, ಸಾವು ಬೇಡ ಅಂತ ಪ್ರಕಾಶಕರೊಬ್ಬರು ಹೇಳಿದ್ದರು. ನನ್ನ ಹುಲಿ ಅರ್ಬುತ "ಇನ್ನು ಯಾರನ್ನೂ ತಿನ್ನಲ್ಲ" ಎಂದು ಕಾಡಿಗೆ ಹೋಯಿತು. ಕರಡನ್ನು ಮಕ್ಕಳ ಮುಂದೆ ಓದಿದೆ. ಆರು ವರ್ಷದ ಹುಡುಗಿಯೊಬ್ಬಳು ಕೇಳಿದಳು: "ನಾಳೆ ಅದಕ್ಕೆ ಹಸಿವಾದ್ರೆ?"

ಅವಳು ಕೇಳಿದ್ದು ಸರಿ ಅಲ್ವಾ? ಅರ್ಬುತ ಕೆಟ್ಟ ಹುಲಿಯಲ್ಲ, ಹಸಿದ ಹುಲಿ. ಅಕ್ಕ ಅಂದಮೇಲೆ ಆ ಹಸುವನ್ನು ತಿನ್ನುವಂತಿಲ್ಲ, ತಿನ್ನದೆ ಬದುಕುವಂತಿಲ್ಲ. ಅದಕ್ಕೇ ಮೇಲಕ್ಕೆ ಹಾರಿ ಪ್ರಾಣ ಬಿಡುತ್ತದೆ. ಅದನ್ನು ತೆಗೆದರೆ, ಕರುವನ್ನು ಬಿಟ್ಟು ಗವಿಗೆ ವಾಪಸ್ ನಡೆದು ಬಂದ ಹಸುವಿನ ಮಾತಿಗೂ ತೂಕ ಉಳಿಯುವುದಿಲ್ಲ.

ಕಥೆ ಮೆತ್ತಗೆ ಮಾಡುವ ಆಸೆ ಹಳೆಯದು. ಜರ್ಮನಿಯ ಗ್ರಿಮ್ ಸೋದರರ ಕಥಾಸಂಗ್ರಹದ 1812ರ ಮೊದಲ ಮುದ್ರಣದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಡುವವಳು ಹೆತ್ತ ತಾಯಿಯೇ. 1819ರ ಮುದ್ರಣದಲ್ಲಿ ಅವಳು ಮಲತಾಯಿಯಾದಳು. ಕೊನೆಯಲ್ಲಿ ಕಾದ ಕಬ್ಬಿಣದ ಪಾದರಕ್ಷೆ ತೊಟ್ಟು ಕುಣಿದು ಸಾಯುವ ಶಿಕ್ಷೆ ಮಾತ್ರ ಹಾಗೇ ಉಳಿಯಿತು. ಹೆತ್ತ ತಾಯಿಯ ಮರ್ಯಾದೆ ಉಳಿಯಿತು, ಆದರೆ ಅಪವಾದವೆಲ್ಲ ಮಲತಾಯಿಯ ತಲೆಗೆ ಬಂತು. ಮಲತಾಯಿಯ ಮಡಿಲಲ್ಲಿ ಕೂತು ಈ ಕಥೆ ಕೇಳುವ ಮಗುವೂ ಇರುತ್ತದೆ. ಇದು ನನಗೆ ಇಂದಿಗೂ ನೋವು ಕೊಡುವ ವಿಷಯ.

ಹಾಗಾಗಿ ಈಗ ನಾನು ನಡೆದದ್ದನ್ನು ಬದಲಿಸುವುದಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಬೇಗ ದಾಟಬೇಕು ಅನ್ನುವುದನ್ನು ಮಾತ್ರ ನೋಡಿಕೊಳ್ಳುತ್ತೇನೆ. ಹುಲಿಯ ಸಾವಿಗೆ ಎರಡೇ ವಾಕ್ಯ, ರಕ್ತ ಇಲ್ಲ. ದೊಡ್ಡಿಯಲ್ಲಿ ಮಾತ್ರ ತುಂಬ ಹೊತ್ತು ನಿಲ್ಲುತ್ತೇನೆ. ನನ್ನ ಮೊದಲ ಕರಡಿನಲ್ಲಿ "ತಾಯಿ ತನ್ನ ಕಂದನನ್ನು ಬಂಧುಗಳಿಗೆ ಒಪ್ಪಿಸಿದಳು" ಎಂದಿತ್ತು. ಐದು ವರ್ಷದ ಮಗುವಿಗೆ ಇದರಲ್ಲಿ ಏನೂ ಕಾಣುವುದಿಲ್ಲ. ಹಾಡಿನಲ್ಲಿ ಪುಣ್ಯಕೋಟಿ ಉಳಿದ ಹಸುಗಳಿಗೆ ಹೇಳುವುದೇ ಬೇರೆ: ಇವನು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ. ಇದು ಮಗುವಿಗೆ ಕಣ್ಣಿಗೆ ಕಟ್ಟುತ್ತದೆ. ಕೊಂಬು ಕಾಣುತ್ತದೆ, ಗೊರಸು ಕಾಣುತ್ತದೆ, ನಡುವೆ ಪುಟ್ಟ ಕರು ಕಾಣುತ್ತದೆ. ನನ್ನ ವಾಕ್ಯ ಹೊಡೆದುಹಾಕಿ ಇದನ್ನೇ ಗದ್ಯಕ್ಕೆ ತಂದೆ.

ಯಾರ ಹಾಲು ಕುಡಿಯಲಿ, ಯಾರ ಜೊತೆ ಇರಲಿ, ಯಾರ ಹತ್ತಿರ ಮಲಗಲಿ ಅಂತ ಕರು ಕೇಳುತ್ತದೆ. ಪುಸ್ತಕ ತಿದ್ದುವವರು "ಒಂದು ಸಲ ಸಾಕು" ಅಂತ ಕತ್ತರಿಸುತ್ತಾರೆ. ನಾನು ಮತ್ತೆ ಸೇರಿಸುತ್ತೇನೆ. ಮೂರನೇ "ಯಾರ" ಬರುವಷ್ಟರಲ್ಲಿ ಮಕ್ಕಳೂ ದನಿಗೂಡಿಸುತ್ತಾರೆ. ಜೋರಾಗಿ ಓದದೆ ಇದು ತಿಳಿಯುವುದಿಲ್ಲ. 'ವ್ಯಾಘ್ರ' ಹೋಗಿ 'ಹುಲಿ' ಬರಲಿ. ಆದರೆ ದೊಡ್ಡಿ, ಕೆಚ್ಚಲು ಇರಲಿ. ಸಿಟಿ ಮಕ್ಕಳಿಗೆ ಗೊತ್ತಿಲ್ಲ ಅಂತ ಸುಮ್ನೆ ತೆಗೆಯಬೇಡಿ, ಪಕ್ಕದಲ್ಲಿ ಚಿತ್ರ ಇರುತ್ತದಲ್ಲ.

ಹೊಸ ಕರಡನ್ನು ಅದೇ ಹುಡುಗಿಗೆ ಓದಿದೆ. ಹುಲಿ ಬಿದ್ದಾಗ ಸುಮ್ಮನೆ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಅಮ್ಮ ವಾಪಸ್ ಬಂದಾಗ ಕರು ಎದ್ದಿತ್ತಾ?" ನಾನು ಅದನ್ನು ಬರೆದೇ ಇರಲಿಲ್ಲ. ಈಗ ಬರೆದಿದ್ದೇನೆ. ಕರು ದೊಡ್ಡಿಯ ಬಾಗಿಲಲ್ಲೇ ನಿಂತಿತ್ತು.